ಒಂದು ಖಾತೆಯನ್ನು ಅಡಗಿಸಿದ್ದು

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಹಲಸಿನ ಹಪ್ಪಳ ಮಾಡುವ ಹೆಂಗಸರ ಗುಂಪುಗಳಿವೆ. ಅವುಗಳಿಗೆಲ್ಲ ಸೇರಿ ಒಂದು ಒಕ್ಕೂಟ. ಯಾವ ಗುಂಪಿನಲ್ಲಿ ಯಾರಿದ್ದಾರೆ, ಯಾರಿಗೆ ಯಾವ ದಿನ ಎಲ್ಲಿ ಕೆಲಸ ಎಂಬುದು ಫೋನಿನಲ್ಲೇ ಕಾಣಬೇಕು ಎಂದು ಒಕ್ಕೂಟದವರು ಕೇಳಿದಾಗ ಆ ಕೆಲಸವನ್ನು ಒಪ್ಪಿಕೊಂಡದ್ದು ನಾವಿಬ್ಬರು. ಫೋನಿನಲ್ಲಿ ಕಾಣುವ ಆ್ಯಪ್ ನನ್ನ ಸಹೋದ್ಯೋಗಿಯ ಪಾಲು. ಆಕೆ ಕಡಬದ ಬ್ಯಾರಿ ಮನೆತನದ ತರುಣಿ, ದಿನವೂ ಬಸ್ಸಿನಲ್ಲಿ ಪುತ್ತೂರಿಗೆ ಬಂದು ಹೋಗುವವಳು. ಸರ್ವರ್ ಮತ್ತು ಎಪಿಐ ನನ್ನ ಪಾಲು. ಎಪಿಐ ಎಂದರೆ ಆ್ಯಪ್ ಏನನ್ನು ಕೇಳಬಹುದು, ಸರ್ವರ್ ಏನು ಉತ್ತರ ಕೊಡಬೇಕು ಎಂಬ ಕಟ್ಟುಪಾಡು. ಆ ಕಟ್ಟುಪಾಡಿನಲ್ಲಿ ಇಲ್ಲದ್ದನ್ನು ಯಾರೂ ಕೇಳಲಾಗದು. ಇರುವುದನ್ನು ಯಾರು ಕೇಳಿದರೂ ಸಿಗುತ್ತದೆ. ಈ ಎರಡನೆಯ ಮಾತಿನ ಭಾರ ನನಗೆ ತಿಳಿದದ್ದು ಆಮೇಲೆ.

ಪ್ರೋಗ್ರಾಮ್ ಬರೆಯುವ ಮೊದಲು ನಿಯಮಗಳನ್ನು ಕಾಗದದ ಮೇಲೆ ಇಳಿಸುವುದು ನನ್ನ ರೂಢಿ. ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿ ಹಿಡಿದ ಅಭ್ಯಾಸ ನಿವೃತ್ತಿಯಾಗಿ ಇಷ್ಟು ಕಾಲವಾದರೂ ಬಿಟ್ಟಿಲ್ಲ. ಅಲ್ಲಿ ಕಲಿಸಿದ್ದು ಎರಡೇ ಸಂಗತಿ. ಒಂದು, ಒಬ್ಬನಿಗೆ ಒಂದೇ ಗುರುತು. ಎರಡು, ಏನೇ ಬದಲಾದರೂ ಸಂಬಂಧಪಟ್ಟವರಿಗೆ ಸಂದೇಶ ಹೋಗಬೇಕು, ಹೋಯಿತೆಂಬುದಕ್ಕೆ ದಾಖಲೆ ಇರಬೇಕು. ಅದನ್ನೇ ಇಲ್ಲೂ ಹಾಕಿದೆ. ಒಬ್ಬ ಸದಸ್ಯೆಗೆ ಒಂದೇ ಖಾತೆ. ಖಾತೆಯಲ್ಲಿ ಬದಲಾವಣೆಯಾದ ಕ್ಷಣ ಅದರ ಫೋನ್ ನಂಬರಿಗೆ ಸಂದೇಶ. ಉಳಿದ ವಿಷಯ ಕೇಳಲು ಸುಳ್ಯದಲ್ಲಿ ಒಕ್ಕೂಟದ ಅಧ್ಯಕ್ಷೆಯ ಮುಂದೆ ಕುಳಿತೆವು. ಅವರು ಹಪ್ಪಳದ ವ್ಯಾಪಾರವನ್ನು ತಮ್ಮ ಕೈಯಿಂದಲೇ ಕಟ್ಟಿ ಬೆಳೆಸಿದವರು. ಮಾತು ಖಡಕ್ಕು.

"ಫೋನ್ ನಂಬರ್ ಯಾರದ್ದು ಹಾಕುದು?" ಎಂದು ಕೇಳಿದೆ.

"ಮನೆಯದ್ದು ಹಾಕಿ ಸುಬೇದಾರ್ರೆ. ಯಾರ ಕೈಯಲ್ಲಿದ್ರೆ ಎಂತ? ಗಂಡನೋ ಮಗನೋ ಓದಿ ಹೇಳ್ತಾರೆ. ಗುತ್ತಿಗಾರಿನಿಂದ ಆಚೆ ಗುಡ್ಡೆ ಹತ್ತಿದ್ರೆ ಮಾತ್ರ ನೆಟ್‌ವರ್ಕ್. ಅಂಥಲ್ಲಿ ಮನೆಗೆ ಒಂದು ಫೋನ್ ಇರುದೇ ದೊಡ್ಡದು."

"ಒಂದು ಗುಂಪಿನ ಪಟ್ಟಿ ಬೇರೆ ಗುಂಪಿನವರಿಗೂ ಕಾಣ್ಬೇಕಾ?"

"ಕಾಣದೆ ಮತ್ತೆ? ಮುಯ್ಯಾಳು ಹೇಗೆ ಕರೆಯುದು?"

ಅದು ನಿಜ. ಹಲಸು ನಮ್ಮ ಬಿಡುವು ನೋಡಿಕೊಂಡು ಬಲಿಯುವುದಿಲ್ಲ. ಬಿಸಿಲು ಗಟ್ಟಿ ಇರುವ ದಿನ ಸೊಳೆ, ಅಂದರೆ ಹಣ್ಣಿನೊಳಗಿನ ತೊಳೆ, ಬೇಯಿಸಿ, ಗುದ್ದಿ, ಒತ್ತಿ, ಚಾಪೆಯ ಮೇಲೆ ಹರಡಿಬಿಡಬೇಕು. ಕೈ ಸಾಲದಿದ್ದರೆ ಪಕ್ಕದ ಗುಂಪಿನವರು ಬರುತ್ತಾರೆ. ಇವತ್ತು ನಿಮ್ಮಲ್ಲಿಗೆ ನಾವು, ನಾಳೆ ನಮ್ಮಲ್ಲಿಗೆ ನೀವು. ಕೂಲಿಯ ಮಾತಿಲ್ಲ. ಯಾರು ಎಲ್ಲಿದ್ದಾರೆ ಎಂದು ಎಲ್ಲರಿಗೂ ಗೊತ್ತಿರುವುದರ ಮೇಲೆಯೇ ಮುಯ್ಯಾಳಿನ ಪದ್ಧತಿ ನಿಂತಿದೆ. ಹಾಗಾಗಿ ಯಾವ ಸದಸ್ಯೆಯಾದರೂ ಯಾವ ಗುಂಪಿನ ಪಟ್ಟಿಯನ್ನಾದರೂ ನೋಡಬಹುದೆಂದು ಬರೆದುಕೊಂಡೆ. ಹೆಸರು, ಸೇರಿದ ದಿನ, ಹಾಜರಿ, ಕೆಲಸದ ದಿನ, ಕೆಲಸದ ಜಾಗ, ಎಲ್ಲವೂ ಕಾಣುತ್ತಿದ್ದವು.

ಸೀಸನ್ ಶುರುವಾಗುವಾಗ ಆ್ಯಪ್ ಗುಂಪುಗಳ ಕೈ ಸೇರಿತು. ಸಣ್ಣಪುಟ್ಟ ತೊಡಕುಗಳು ಬಂದವು, ತಿದ್ದಿದೆವು. ಅಧ್ಯಕ್ಷೆ ಒಮ್ಮೆ ಫೋನ್ ಮಾಡಿ, "ಅಡ್ಡಿಯಿಲ್ಲ ಸುಬೇದಾರ್ರೆ, ನಡೀತಾ ಉಂಟು" ಎಂದರು. ಅವರ ಬಾಯಲ್ಲಿ ಅದು ಹೊಗಳಿಕೆ.

ಒಂದು ಬೆಳಿಗ್ಗೆ ಸುಳ್ಯದ ಬಸ್ಸಿನಲ್ಲಿ ಒಕ್ಕೂಟದ ಸಂಯೋಜಕಿ ಬಂದಳು. ಗುಂಪುಗಳ ನಡುವೆ ಓಡಾಡಿ ಕೆಲಸ ಹಂಚುವ ನಡುವಯಸ್ಸಿನ ಹೆಂಗಸು. ಹೆಗಲಿನ ಚೀಲವನ್ನೂ ಇಳಿಸದೆ ಕುಳಿತಳು.

"ಸರ್, ಗುತ್ತಿಗಾರಿನ ಗುಂಪಿನ ಒಬ್ಬಳನ್ನು ಕಡಬದ ಗುಂಪಿಗೆ ಹಾಕ್ಬೇಕಿತ್ತು."

"ಅದು ನೀವೇ ಆ್ಯಪ್‌ನಲ್ಲಿ ಮಾಡ್ಬಹುದಲ್ಲ. ಅಧಿಕಾರ ಕೊಟ್ಟಿದ್ದೇವೆ."

"ಗೊತ್ತುಂಟು. ಒತ್ತಲಿಕ್ಕೆ ಕೈ ಹೋಗ್ಲಿಲ್ಲ. ಎಂತದೋ ಹೆದರಿಕೆ ಆಯ್ತು, ಬಸ್ ಹತ್ತಿದೆ."

ಅವಳು ಹೇಳಿದ್ದನ್ನು ಚಿಕ್ಕದಾಗಿ ಬರೆಯುತ್ತೇನೆ. ಆ ಸದಸ್ಯೆ ಗಂಡನ ಮನೆ ಬಿಟ್ಟು ಬಂದಿದ್ದಳು. ಹೊಡೆತ ಹೊಸತಲ್ಲ. ಈ ಸಲ ಮಾತ್ರ ಜೀವ ಉಳಿಯುವುದಿಲ್ಲ ಎಂದು ಅವಳಿಗೇ ಅನಿಸಿತ್ತು. ತವರಿಗೆ ಹೋದದ್ದಕ್ಕೆ ಗಂಡ ಅಲ್ಲಿಗೆ ಬಂದು ಬಾಗಿಲು ಒಡೆದಿದ್ದ. ದೂರು ಕೊಟ್ಟರು. ಪೊಲೀಸರು ಕರೆಸಿ ಎಚ್ಚರಿಕೆ ಹೇಳಿ ಕಳುಹಿಸಿದರು. ಠಾಣೆಯ ಮೆಟ್ಟಿಲು ಇಳಿಯುತ್ತಾ ಆತ ಭಾವಮೈದುನನಿಗೆ, ಮುಂದಿನ ಸಲ ನಾನು ಮಾತಾಡ್ಲಿಕ್ಕೆ ಬರುದಲ್ಲ ಎಂದಿದ್ದನಂತೆ. ಅಂದಿನಿಂದ ಅವಳು ಕಡಬದ ಕಡೆ ಚಿಕ್ಕಮ್ಮನೊಬ್ಬರ ಮನೆಯಲ್ಲಿದ್ದಳು. ಆ ಚಿಕ್ಕಮ್ಮನ ವಿಷಯ ಗಂಡನಿಗೆ ಅಷ್ಟಾಗಿ ಗೊತ್ತಿಲ್ಲ. ಹತ್ತಿರದಲ್ಲೇ ಹಪ್ಪಳದ ಗುಂಪು. ಕೈಗೆ ಕೆಲಸ ಬೇಕಿತ್ತು.

"ಗಂಡ ಎಂತ ಮಾಡುದು?" ಸಹೋದ್ಯೋಗಿ ಕೇಳಿದಳು.

"ಪಿಕಪ್ ಓಡಿಸುದು. ರಬ್ಬರ್ ಶೀಟ್ ಹೇರಿಕೊಂಡು ಗುಂಡ್ಯ, ಕಡಬ, ಪುತ್ತೂರು ಎಲ್ಲ ತಿರುಗುದು. ಅವನಿಗೆ ಗೊತ್ತಿಲ್ಲದ ರಸ್ತೆ ಇಲ್ಲ ನಿಮ್ಮ ಮೂರು ತಾಲೂಕಿನಲ್ಲಿ."

ಯಾವ ಬದಲಾವಣೆಯನ್ನೂ ಮೊದಲು ಪರೀಕ್ಷೆಯ ಸರ್ವರಿನಲ್ಲಿ ಮಾಡಿ ನೋಡುವುದು ನನ್ನ ಕ್ರಮ. ಸುಳ್ಳು ಹೆಸರಿನ ಖಾತೆಗೆ ನನ್ನದೇ ನಂಬರ್ ಕೊಟ್ಟು, ಗುತ್ತಿಗಾರಿನಿಂದ ಕಡಬಕ್ಕೆ ಗುಂಪು ಬದಲಿಸಿದೆ. ಸರ್ವರ್ 'ಆಯಿತು' ಎಂದಿತು. ಮರುಕ್ಷಣ ಮೇಜಿನ ಮೇಲಿದ್ದ ನನ್ನ ಫೋನ್ ಅದುರಿತು. ಓದಿದೆ. ಸದಸ್ಯೆ ಕಡಬದ ಇಂಥ ಗುಂಪಿಗೆ ಸೇರಿದ್ದಾರೆ, ನಾಳೆ ಕೆಲಸದ ಜಾಗ ಇಂಥಲ್ಲಿ, ಬರಬೇಕಾದ ಹೊತ್ತು ಇಷ್ಟು.

ವಾಕ್ಯ ನಾನೇ ಬರೆದದ್ದು. ಸ್ಪಷ್ಟವಾಗಿರಬೇಕು, ಯಾವ ವಿವರವೂ ಬಿಟ್ಟುಹೋಗಬಾರದು ಎಂದು ಎರಡು ಸಲ ತಿದ್ದಿದ್ದೆ.

"ಅವಳ ಖಾತೆಯಲ್ಲಿ ಯಾರ ನಂಬರ್ ಉಂಟು?" ಎಂದು ಕೇಳಿದೆ. ಉತ್ತರ ಗೊತ್ತೇ ಇತ್ತು.

"ಮನೆಯದ್ದು," ಸಂಯೋಜಕಿ ಹೇಳಿದಳು. "ಅಂದ್ರೆ ಅವನದ್ದೇ."

ಅವಳ ಕೈ ಗುಂಡಿ ಒತ್ತಿದ್ದರೆ ಈ ಹೊತ್ತಿಗೆ ಪಿಕಪ್ ಯಾವ ದಾರಿಯಲ್ಲಿರುತ್ತಿತ್ತು ಎಂದು ಮೂವರೂ ಯೋಚಿಸಿದೆವು ಎಂದು ಕಾಣುತ್ತದೆ.

ಸಂದೇಶವನ್ನು ನಿಲ್ಲಿಸುವುದು ಸುಲಭ. ಆದರೆ ಒಂದು ಬಿರುಕು ಕಂಡ ಮೇಲೆ ಉಳಿದ ಗೋಡೆಯನ್ನೂ ತಟ್ಟಿ ನೋಡಬೇಕು. ಕಾಗದ ತೆಗೆದುಕೊಂಡು ಆಕೆಯ ಖಾತೆಯಿಂದ ಏನೇನು ಕೇಳಬಹುದು ಎಂದು ಸಾಲಾಗಿ ಬರೆದೆ. ಆ್ಯಪ್ ಇದ್ದದ್ದು ಅವನ ಫೋನಿನಲ್ಲಿ. ಒಮ್ಮೆ ಒಳಗೆ ಬಂದ ಫೋನಿಗೆ ಸರ್ವರ್ ಒಂದು ಟೋಕನ್ ಕೊಡುತ್ತದೆ, ಅದೊಂದು ಪಾಸ್ ಇದ್ದಂತೆ. ಪದೇ ಪದೇ ಒಟಿಪಿ ಕೇಳಿದರೆ ಹೆಂಗಸರಿಗೆ ಕಷ್ಟ ಎಂದು ಆ ಪಾಸಿಗೆ ನಾನು ಅವಧಿಯನ್ನೇ ಇಟ್ಟಿರಲಿಲ್ಲ. ಅಂದರೆ ಆಕೆಯನ್ನು ಯಾವ ಗುಂಪಿಗೆ ಹಾಕಿದರೂ ಆ ಫೋನಿನಲ್ಲಿ ಕಾಣುತ್ತದೆ. ಖಾತೆಯ ನಂಬರ್ ಬದಲಿಸೋಣವೆಂದರೆ ಒಟಿಪಿ ಹೋಗುವುದು ಹಳೆಯ ನಂಬರಿಗೆ. ಪಾಸನ್ನು ರದ್ದು ಮಾಡೋಣವೆಂದರೆ ಅವನ ಆ್ಯಪ್ ಹೊರಗೆ ಬೀಳುತ್ತದೆ, ಏನೋ ನಡೆದಿದೆ ಎಂದು ಅವನಿಗೆ ನಾವೇ ಹೇಳಿದಂತೆ.

ಖಾತೆ ಆಕೆಯ ಹೆಸರಿನಲ್ಲಿತ್ತು. ಅದರ ಪ್ರತಿಯೊಂದು ಬಾಗಿಲೂ ಅವನ ಜೇಬಿನಲ್ಲಿತ್ತು.

"ಸರ್, ಹಳೇ ಖಾತೆ ಮುಟ್ಟುದೇ ಬೇಡ," ಸಹೋದ್ಯೋಗಿ ಹೇಳಿದಳು. "ಅದು ಗುತ್ತಿಗಾರಿನ ಗುಂಪಿನಲ್ಲೇ ಇರ್ಲಿ. ಗೈರುಹಾಜರಿ ಅಂತ ತೋರಿಸ್ತಾ ಇರ್ಲಿ. ಅವಳಿಗೆ ಬೇರೆ ನಂಬರಿನಲ್ಲಿ ಹೊಸತು ಮಾಡುವ."

"ಒಬ್ಬರಿಗೆ ಎರಡು ಖಾತೆ ಆಗುದಿಲ್ಲ."

"ಎಂತಕ್ಕೆ ಆಗುದಿಲ್ಲ?"

"ನಿಯಮ ಇಲ್ಲ."

"ನಿಯಮ ಮೇಲಿಂದ ಬಂದದ್ದಾ ಸರ್? ನೀವೇ ಅಲ್ವಾ ಬರೆದದ್ದು, ಈ ಮೇಜಿನಲ್ಲಿ ಕೂತು?"

ಅವಳು ಕುಹಕಕ್ಕೆ ಹೇಳಿದ್ದಲ್ಲ. ಆದರೂ ತಟ್ಟಿತು. ಸುಳ್ಳು ದಾಖಲೆಯನ್ನು ತಿಳಿದೂ ತಿಳಿದೂ ಇಟ್ಟುಕೊಳ್ಳುವುದು ನನಗೆ ಸಾಧ್ಯವಾಗದ ಕೆಲಸ. ಒಂದು ಸುಳ್ಳು ಒಳಗೆ ಬಂದರೆ ಉಳಿದ ದಾಖಲೆಗಳ ಬೆಲೆಯೂ ಹೋಗುತ್ತದೆ ಎಂದು ನಂಬಿ ಬದುಕಿದವನು ನಾನು. ಊಟದ ಹೊತ್ತಿನವರೆಗೆ ಬೇರೆ ದಾರಿ ಹುಡುಕಿದೆ. ಸಿಗಲಿಲ್ಲ. ಮಧ್ಯಾಹ್ನ ಹೊಸ ಖಾತೆ ತೆರೆದೆವು, ಚಿಕ್ಕಮ್ಮನ ಮನೆಯಿಂದ ಕೊಟ್ಟ ಹೊಸ ನಂಬರಿನಲ್ಲಿ. ಹೆಸರು ಏನು ಹಾಕುವುದೆಂದು ಕೇಳಿದಾಗ ಸಂಯೋಜಕಿ ಫೋನಿನಲ್ಲಿ ಆಕೆಯನ್ನೇ ವಿಚಾರಿಸಿ, ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರನ್ನು ಹೇಳಿದಳು. ಹಾಕಿದೆವು.

ಎಲ್ಲ ಗುಂಪಿನ ಪಟ್ಟಿ ಎಲ್ಲರಿಗೂ ಕಾಣುವ ನಿಯಮವೊಂದು ಉಳಿಯಿತು. ಅದನ್ನು ಬದಲಿಸಲು ಒಕ್ಕೂಟದ ಒಪ್ಪಿಗೆ ಬೇಕು. ಕಾರಣ ಹೇಳದೆ ಅಧ್ಯಕ್ಷೆಯನ್ನು ಕೇಳಿದೆ. "ಸೀಸನ್ ಮುಗೀಲಿ, ಆಮೇಲೆ ನೋಡುವ" ಎಂದರು. ಕಾರಣ ಹೇಳದಿದ್ದದ್ದು ಸಂಯೋಜಕಿಯ ಮಾತಿಗೆ ಕಟ್ಟುಬಿದ್ದು. ಎಷ್ಟು ಕಡಿಮೆ ಕಿವಿಗೆ ಬಿದ್ದರೆ ಅಷ್ಟು ಒಳ್ಳೆಯದೆಂದು ಅವಳು ಕೇಳಿಕೊಂಡಿದ್ದಳು.

ಕಚೇರಿಗೆ ಬಂದ ಕೂಡಲೆ ನಾನು ಮಾಡುವ ಮೊದಲ ಕೆಲಸ ಸರ್ವರಿನ ಲಾಗ್ ಓದುವುದು. ಯಾವ ಖಾತೆ ಯಾವಾಗ ಏನು ಕೇಳಿತು ಎಂಬುದು ಅದರಲ್ಲಿ ಒಂದೊಂದು ಸಾಲಾಗಿ ಬಿದ್ದಿರುತ್ತದೆ. ಅಂದಿನಿಂದ ಆ ಹಳೆಯ ಖಾತೆಯ ಸಾಲುಗಳನ್ನು ಬೇರೆಯಾಗಿ ನೋಡತೊಡಗಿದೆ.

ಅವನು ನೋಡುತ್ತಿದ್ದ. ಮೊದಮೊದಲು ದಿನಕ್ಕೆ ಕೆಲವು ಸಲ, ಗುತ್ತಿಗಾರಿನ ಗುಂಪಿನ ಪಟ್ಟಿ ಮಾತ್ರ. ಆಕೆ ಕೆಲಸಕ್ಕೆ ಬಂದಳೋ ಎಂದು ತಿಳಿಯಲು. ಪ್ರತಿ ಸಲವೂ ಗೈರುಹಾಜರಿ. ಪರದೆಯ ಮೇಲೆ ಅವು ಬರೀ ಸಾಲುಗಳು, ಹೊತ್ತು ಮತ್ತು ಖಾತೆಯ ಸಂಖ್ಯೆ. ಆದರೂ ಒಂದೊಂದು ಸಾಲು ಬಿದ್ದಾಗಲೂ ಯಾರೋ ಅಂಗಳಕ್ಕೆ ಬಂದು ನಿಂತಂತೆ ಆಗುತ್ತಿತ್ತು. ಸಹೋದ್ಯೋಗಿ ಕುರ್ಚಿಯನ್ನು ನನ್ನ ಪರದೆ ಕಾಣದ ಕಡೆಗೆ ತಿರುಗಿಸಿಕೊಂಡಳು.

ಕೆಲವು ದಿನದ ಮೇಲೆ ಒಂದು ಬೆಳಿಗ್ಗೆ ಸಾಲುಗಳು ಬೇರೆ ರೀತಿಯಲ್ಲಿ ಬೀಳತೊಡಗಿದವು. ಗುತ್ತಿಗಾರಿನ ಪಟ್ಟಿ ನೋಡಿದವನು ಹಿಂದೆ ಬಂದು ಎಲ್ಲ ಗುಂಪುಗಳ ಹೆಸರು ತೆರೆದ. ಅಲ್ಲಿಂದ ಕೊಲ್ಲಮೊಗ್ರು. ಒಂದಿಷ್ಟು ನಿಮಿಷ ಬಿಟ್ಟು ಸುಳ್ಯದ ಕಡೆಯ ಮತ್ತೊಂದು ಗುಂಪು. ಮತ್ತೆ ಮತ್ತೊಂದು. ನಿಧಾನವಾಗಿ, ಒಂದೂ ಬಿಡದೆ. ಗಾಡಿ ನಿಲ್ಲಿಸಿದಲ್ಲೆಲ್ಲ ಒಂದೊಂದು ನೋಡುತ್ತಿದ್ದನೋ ಏನೋ. ಸುಳ್ಯದ್ದು ಮುಗಿದ ಮೇಲೆ ಪುತ್ತೂರಿನವು ಶುರುವಾದವು. ಪಟ್ಟಿಯಲ್ಲಿ ಆಮೇಲಿನದು ಕಡಬ.

ಸಂಯೋಜಕಿಗೆ ಫೋನ್ ಮಾಡಿದೆ. "ಆ ಚಿಕ್ಕಂದಿನ ಹೆಸರು ಗಂಡನಿಗೆ ಗೊತ್ತಿಲ್ಲ ತಾನೆ?"

"ಮದುವೆಯಲ್ಲಿ ತವರಿನವರೆಲ್ಲ ಹಾಗೇ ಕರೆದದ್ದು ಸರ್," ಎಂದಳು. ನಾವು ಮೂವರೂ ಆ ಹೆಸರನ್ನು ಅಡಗುತಾಣವೆಂದು ಭಾವಿಸಿದ್ದೆವು. ನಮ್ಮ ಕಡೆ ಹೆಣ್ಣನ್ನು ಮನೆಯಲ್ಲಿ ಕರೆಯುವ ಹೆಸರು ಗುಟ್ಟಲ್ಲ, ನೆಂಟಸ್ತಿಕೆಯ ಜೊತೆಗೇ ದಾಟಿಹೋಗುತ್ತದೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಹೆಸರು ಬದಲಿಸಿದರೆ ಸಾಕಾಗುತ್ತಿರಲಿಲ್ಲ. ಹೊಸದಾಗಿ ಸೇರಿದವರು ಪಟ್ಟಿಯ ಕೊನೆಯಲ್ಲಿ ಬರುತ್ತಾರೆ, ಸೇರಿದ ದಿನದ ಸಮೇತ. ಹೆಂಡತಿ ಕಾಣೆಯಾದ ದಿನ ಗೊತ್ತಿರುವವನಿಗೆ ಅಷ್ಟು ಸಾಕು.

"ಕಡಬದ ಗುಂಪನ್ನು ಮಾತ್ರ ಮುಚ್ಚುವ ಸರ್," ಸಹೋದ್ಯೋಗಿ ಅವಸರದಲ್ಲಿ ಹೇಳಿದಳು. ಆಗಲೇ ಬರೆಯಲು ಶುರು ಮಾಡಿದ್ದಳು. "ಬೇರೆಯವರು ಕೇಳಿದ್ರೆ ನಾನೂರ ಮೂರು ಕೊಡ್ಲಿ."

ನಾನೂರ ಮೂರು ಎಂದರೆ ಸರ್ವರಿನ ಭಾಷೆಯಲ್ಲಿ 'ಇದೆ, ಆದರೆ ನಿನಗೆ ನೋಡುವ ಅಧಿಕಾರವಿಲ್ಲ'. ನಾನೂರ ನಾಲ್ಕು ಎಂದರೆ 'ಅಂಥದ್ದು ಇಲ್ಲಿಲ್ಲ'.

"ಬೇಡ," ಎಂದೆ. "ಎಲ್ಲ ಬಾಗಿಲು ತೆರೆದಿದ್ದು ಒಂದು ಮಾತ್ರ ಮುಚ್ಚಿದ್ರೆ ಅವನು ಅಲ್ಲೇ ಹೋಗಿ ನಿಲ್ತಾನೆ. ಎಲ್ಲ ಗುಂಪೂ ಮುಚ್ಬೇಕು. ಎಲ್ಲರಿಗೂ ಒಂದೇ ಉತ್ತರ. ನಾನೂರ ನಾಲ್ಕು."

"ಇವತ್ತು ಬಿಸಿಲು ಉಂಟು ಸರ್. ಮುಯ್ಯಾಳಿಗೆ ಕರೆಯುವವರು ಎಷ್ಟು ಜನ ಇರ್ತಾರೋ. ಅಧ್ಯಕ್ಷರನ್ನು ಕೇಳುದು ಬೇಡ್ವಾ?"

ಕೇಳಲು ಪ್ರಯತ್ನಿಸಿದೆ. ಅವರು ಕೊಲ್ಲಮೊಗ್ರಿನ ಕಡೆ ಎಲ್ಲೋ ಮದುವೆಗೆ ಹೋಗಿದ್ದರು. ಫೋನ್ ವ್ಯಾಪ್ತಿಯ ಹೊರಗೆ. ಮತ್ತೆ ಮಾಡಿದೆ, ಅದೇ. ಪರದೆಯ ಮೇಲೆ ಪುತ್ತೂರಿನ ಇನ್ನೊಂದು ಗುಂಪಿನ ಸಾಲು ಬಿತ್ತು. ಅಲ್ಲಿಯವರೆಗೆ ಅನುಮತಿಯಿಲ್ಲದೆ ಮಾಲೀಕರ ವ್ಯವಸ್ಥೆಯನ್ನು ಬದಲಿಸಿದವನು ನಾನಲ್ಲ. ಪರೀಕ್ಷೆ ಮಾಡದೆ ಸರ್ವರಿಗೆ ಏನನ್ನೂ ಹಾಕಿದವನೂ ಅಲ್ಲ. ಆ ದಿನ ಎರಡನ್ನೂ ಮಾಡಿದೆ. ಕೇಳುವ ಖಾತೆ ಆ ಗುಂಪಿನದೇ ಆಗಿರದಿದ್ದರೆ ಅಂಥ ಗುಂಪೇ ಇಲ್ಲವೆಂದು ಹೇಳುವ ನಾಲ್ಕು ಸಾಲು. ಅವಸರದಲ್ಲಿ ಒಂದು ಚಿಹ್ನೆ ಬಿಟ್ಟುಹೋಗಿ ಮೊದಲ ಸಲ ಸರ್ವರ್ ಏಳಲೇ ಇಲ್ಲ. ಸಹೋದ್ಯೋಗಿ ನನ್ನ ಹೆಗಲ ಮೇಲಿಂದ ಬಗ್ಗಿ, "ಇಲ್ಲಿ ಸರ್, ಆವರಣ ಮುಚ್ಚಲಿಲ್ಲ ನೀವು" ಎಂದಳು. ಮುಚ್ಚಿದೆ. ಸರ್ವರ್ ಎದ್ದಿತು.

ಕಾದೆವು. ಹೊರಗೆ ರಸ್ತೆಯಲ್ಲಿ ಯಾವುದೋ ಪಿಕಪ್ ಹಾರ್ನ್ ಹೊಡೆದಾಗ ಇಬ್ಬರೂ ಕಿಟಕಿ ನೋಡಿದೆವು. ಹಳೆಯ ಖಾತೆಯ ಸಾಲು ಬಿತ್ತು. ಕಡಬದ ಮೊದಲ ಗುಂಪು, ನಾನೂರ ನಾಲ್ಕು. ಇನ್ನೊಂದು ಸಾಲು, ಅದು ಆಕೆಯಿದ್ದ ಗುಂಪು. ನಾನೂರ ನಾಲ್ಕು. ಆಮೇಲೆ ಅವನು ಹಿಂದೆ ಹೋಗಿ ಕೊಲ್ಲಮೊಗ್ರು ಒತ್ತಿದ. ಬೆಳಿಗ್ಗೆ ಕಂಡದ್ದು ಈಗ ಅಲ್ಲೂ ಇಲ್ಲ. ನಾನೂರ ನಾಲ್ಕು. ಯಾವ ಬಾಗಿಲೂ ಯಾವುದಕ್ಕಿಂತ ಬೇರೆಯಾಗಿ ಕಾಣಲಿಲ್ಲ. ಅಲ್ಲಿಗೆ ಸಾಲುಗಳು ನಿಂತವು.

ಅಧ್ಯಕ್ಷೆ ಮರುದಿನ ಬೆಳಿಗ್ಗೆಯೇ ಪುತ್ತೂರಿಗೆ ಬಂದರು. ಮೆಟ್ಟಿಲು ಹತ್ತುವಾಗಲೇ ಮಾತು ಶುರುವಾಗಿತ್ತು.

"ಎಂತ ಮಾಡಿದ್ದು ಮಾರಾಯ್ರೆ ನೀವು? ಬೇಯಿಸಿಟ್ಟ ಸೊಳೆ ಹಾಗೇ ಹುಳಿ ಬಂತು ಪುತ್ತೂರಿನ ಗುಂಪಿನಲ್ಲಿ. ಕೈ ಸಾಲದೆ ಆಚೆ ಗುಂಪಿನವರನ್ನು ಕರೆಯುವ ಅಂದ್ರೆ ಆ್ಯಪ್‌ನಲ್ಲಿ ಒಂದು ಗುಂಪೂ ಇಲ್ಲ. ನಾನು ಕಟ್ಟಿದ ಒಕ್ಕೂಟವೇ ಇಲ್ಲ ಅಂತ ಹೇಳ್ತದೆ ನಿಮ್ಮ ಮಿಷನ್ನು."

ಇನ್ನು ಹೇಳದೆ ಇರುವಂತಿರಲಿಲ್ಲ. ಹೇಳಿದೆ. ಕೇಳಿಸಿಕೊಂಡರು. ಯಾರು ಎಂದು ಹೆಸರು ಕೇಳಲಿಲ್ಲ, ಅವರಿಗೆ ಗೊತ್ತಾಗಿತ್ತು.

"ಆದ್ರೂ ಸುಬೇದಾರ್ರೆ," ಎಂದರು, ಸ್ವರ ಇಳಿಸಿ. "ಮನೆಯವರಿಗೆ ಕಾಣದ ಹಾಗೆ ಹೆಂಗಸರನ್ನು ಇಡ್ತಾರೆ ಒಕ್ಕೂಟದವರು ಅಂತ ಒಂದು ಮಾತು ಹೊರಟ್ರೆ, ನಾಳೆ ಗಂಡಂದಿರು ಯಾರನ್ನೂ ಕಳಿಸುದಿಲ್ಲ. ಒಬ್ಬಳಿಗೋಸ್ಕರ ಉಳಿದವರ ಕೆಲಸ ಹೋದ್ರೆ ಅದಕ್ಕೆ ನೀವು ಜವಾಬಾ?"

ಉತ್ತರ ಕೊಟ್ಟದ್ದು ಸಹೋದ್ಯೋಗಿ. "ಅಕ್ಕ, ಅವಳು ಒಬ್ಬಳೇ ಅಂತ ನಿಮಗೆ ಹೇಗೆ ಗೊತ್ತು?"

ಅಧ್ಯಕ್ಷೆ ಎದ್ದು ಸೆರಗು ಸರಿಮಾಡಿಕೊಂಡು, "ಮುಚ್ಚಿಯೇ ಇರ್ಲಿ. ಗುಂಪಿನ ಮುಖ್ಯಸ್ಥೆಯರು ಒಬ್ಬರಿಗೊಬ್ಬರು ಫೋನ್ ಮಾಡಿ ಕರೀಲಿ. ಮುಯ್ಯಾಳು ಫೋನ್ ಬರುವ ಮೊದಲೂ ಇತ್ತು" ಎಂದರು. ಬಾಗಿಲ ಬಳಿ ನಿಂತು, "ಹುಳಿ ಬಂದ ಸೊಳೆಯನ್ನು ಮಾತ್ರ ನಿಮ್ಮ ಮನೆಗೇ ಕಳಿಸ್ತೇನೆ, ತಿನ್ನಿ" ಎಂದು ಸೇರಿಸಿದರು.

ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಅದೇ ವಾರ ಒಂದು ಮಧ್ಯಾಹ್ನ ಅವನು ಆ್ಯಪ್‌ನಲ್ಲಿದ್ದ ವಿಳಾಸ ಹಿಡಿದು ಕಚೇರಿಗೇ ಬಂದ.

ಯಾರೆಂದು ಮೊದಲು ತಿಳಿಯಲಿಲ್ಲ. ಒಗೆದ ಅಂಗಿ, ಬಾಚಿದ ಕೂದಲು. ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದ. ಮಾತು ಮೃದು. ಫೋನನ್ನು ನನ್ನ ಮೇಜಿನ ಮೇಲಿಟ್ಟು ನನ್ನ ಕಡೆಗೆ ತಿರುಗಿಸಿದ. ಹಪ್ಪಳದ ಆ್ಯಪ್ ತೆರೆದಿತ್ತು. ಖಾತೆಯ ಹೆಸರು ಓದಿದೆ.

"ಹೆಂಡತಿದು ಸರ್ ಇದು. ಮೊನ್ನೆವರೆಗೆ ಎಲ್ಲ ಗುಂಪೂ ಕಾಣ್ತಿತ್ತು. ಈಗ ಗುತ್ತಿಗಾರು ಬಿಟ್ರೆ ಎಂತದೂ ಕಾಣುದಿಲ್ಲ. ಫೋನಿನದ್ದು ತೊಂದರೆಯಾ ಅಂತ."

"ಫೋನಿಗೆ ತೊಂದರೆ ಇಲ್ಲ," ಎಂದೆ. "ಅವರವರ ಗುಂಪು ಮಾತ್ರ ಕಾಣುದು ಈಗ. ಎಲ್ಲರಿಗೂ ಹಾಗೇ."

"ಹಾಗಾ." ನಕ್ಕ. "ಅವಳನ್ನು ಬೇರೆ ಗುಂಪಿಗೆ ಏನಾದ್ರೂ ಹಾಕಿದ್ರಾ?"

"ಸದಸ್ಯರ ವಿಷಯ ಸದಸ್ಯರಿಗೆ ಮಾತ್ರ ಹೇಳುದು ನಾವು."

"ನಂಬರ್ ನನ್ನದು. ಫೋನ್ ನನ್ನದು. ಒಟಿಪಿ ಬಂದದ್ದು ನನಗೆ. ಮತ್ತೆ ಖಾತೆ ಯಾರದ್ದು ಸರ್?"

"ನಂಬರ್ ನಿಮ್ಮದು. ಖಾತೆ ಅವರದ್ದು. ಅವರು ಬಂದು ಕೇಳಿದ್ರೆ ಅವರಿಗೆ ಹೇಳ್ತೇನೆ."

"ಅವಳು ಬರುದಿಲ್ಲ ಅಂತ ನಿಮಗೆ ಗೊತ್ತುಂಟು," ಎಂದ, ಅದೇ ಮೃದು ಸ್ವರದಲ್ಲಿ. ನನ್ನ ಉತ್ತರಕ್ಕೆ ಕಾಯಲಿಲ್ಲ. ಫೋನ್ ಎತ್ತಿಕೊಂಡು ಹೊರಟವನು ಸಹೋದ್ಯೋಗಿಯ ಮೇಜಿನ ಮುಂದೆ ನಿಂತ.

"ನಿಮ್ಮದು ಕಡಬ ಅಲ್ವಾ ತಂಗಿ? ಆ ಬಸ್ಸಿನಲ್ಲಿ ನೋಡಿದ್ದೇನೆ."

ಅವಳು ತಲೆಯೆತ್ತಲಿಲ್ಲ. ಅವನು ಇಳಿದುಹೋದ. ಕೆಳಗೆ ಗಾಡಿ ಹೊರಟ ಶಬ್ದ ಕೇಳಿತು. ಅವನು ಕಡಬ ಎಂದದ್ದು ಏನನ್ನೋ ಅಂದಾಜು ಮಾಡಿಯೋ, ಅಥವಾ ಬರೀ ಹೆದರಿಸಲೋ, ಇವತ್ತಿಗೂ ನನಗೆ ಗೊತ್ತಿಲ್ಲ. ಹೆದರಿಸಲಾದರೆ ಅವನ ಕೆಲಸ ಆಗಿತ್ತು.

ಕಡಬದ ಗುಂಪಿನ ಮುಖ್ಯಸ್ಥೆಗೆ ಫೋನ್ ಮಾಡಿದೆ. ಆ ಕಡೆ ಒರಳಿನ ಶಬ್ದ, ಹೆಂಗಸರ ನಗು.

"ಇದ್ದಾಳೆ ಇಲ್ಲೇ. ಕರೀಬೇಕಾ? ಮಾತಾಡ್ತೀರಾ?"

"ಬೇಡ. ಕರೆಯಬೇಡಿ. ಹೆಸರನ್ನೂ ಗಟ್ಟಿಯಾಗಿ ಹೇಳ್ಬೇಡಿ. ಇವತ್ತು ಒಬ್ಬಳನ್ನೇ ಮನೆಗೆ ಕಳಿಸ್ಬೇಡಿ, ಅಷ್ಟೇ."

ನಗು ನಿಂತಿತು. ಸಂಯೋಜಕಿಯ ಮೂಲಕ ಠಾಣೆಗೂ ತಿಳಿಸಿದೆವು. ಸಂಜೆ ಸಹೋದ್ಯೋಗಿಯನ್ನು ಬಸ್ಸಿನವರೆಗೆ ಬಿಡಲು ಹೋದೆ. ಬಸ್ಸು ಬಂದಾಗ ಅವಳು ಹತ್ತಿದಳು. ನಾನೂ ಹತ್ತಿದೆ. ಕಡಬದಲ್ಲಿ ಅವಳ ಅಣ್ಣ ಬಂದು ನಿಂತಿದ್ದ. ಅವರಿಬ್ಬರು ತಿರುವು ದಾಟಿದ ಮೇಲೆ ವಾಪಸು ಬಸ್ಸು ಹುಡುಕಿದೆ. ಆ ಸೀಸನ್ ಮುಗಿಯುವವರೆಗೆ ಅಣ್ಣನೇ ಬೈಕಿನಲ್ಲಿ ಕರೆತಂದು ಕರೆದೊಯ್ದ.

ಆ ತಿಂಗಳುಗಳಲ್ಲಿ ಎಪಿಐಯನ್ನು ಬುಡದಿಂದ ಬರೆದೆವು. ಈ ಸಲ ಕಾಗದದ ಮೇಲೆ ನಿಯಮ ಬರೆಯುವಾಗ ಪ್ರತಿ ಸಾಲಿನ ಮುಂದೆ ಒಂದೇ ಪ್ರಶ್ನೆ ಹಾಕಿಕೊಂಡೆ: ಇದನ್ನು ಕೇಳುತ್ತಿರುವವನು ಅವನಾದರೆ? ಖಾತೆ ಬೇರೆ, ಫೋನ್ ಬೇರೆ ಆಯಿತು. ಸದಸ್ಯೆ ಸಂಯೋಜಕಿಯ ಎದುರು ಕುಳಿತು ನಂಬರ್ ಬದಲಿಸಬಹುದು, ಹಳೆಯ ನಂಬರಿಗೆ ಏನೂ ಹೋಗದು. ಗುಂಪನ್ನು ಸದಸ್ಯೆ ತಾನೇ ಬಿಡಬಹುದು, ಸೇರಬಹುದು, ಯಾರಿಗೂ ಸಂದೇಶ ಹೋಗದು. ಮುಯ್ಯಾಳಿಗೆ ಕರೆಯುವವರಿಗೆ ಎಷ್ಟು ಕೈ ಸಿಗುತ್ತದೆ ಎಂದು ಮಾತ್ರ ಕಾಣುತ್ತದೆ, ಯಾರ ಕೈ ಎಂದು ಕಾಣದು. ಕೊನೆಯ ನಿಯಮಕ್ಕೆ ನಾನು ಮತ್ತು ಸಹೋದ್ಯೋಗಿ ಬಹಳ ವಾದ ಮಾಡಿದೆವು. ಕಚೇರಿಗೆ ಬಂದು ಮೃದುವಾಗಿ ಕೇಳಿದವನು ಇನ್ನೊಮ್ಮೆ ಮೃದುವಾಗಿ ಕೇಳದಿರಬಹುದು. ನಮಗೆ ಗೊತ್ತಿದ್ದರೆ ನಮ್ಮಿಂದ ಹೊರಗೆ ಬರಲೂಬಹುದು. ಆದ್ದರಿಂದ ಸದಸ್ಯೆ ಒಪ್ಪದ ಹೊರತು ಆಕೆ ಎಲ್ಲಿದ್ದಾಳೆ ಎಂದು ನಿರ್ವಾಹಕನ ಖಾತೆಗೂ, ಅಂದರೆ ನನ್ನದಕ್ಕೂ, ಕಾಣಬಾರದು. ಸರ್ವರಿನ ಬುಡಕ್ಕೇ ಕೈಹಾಕಿ ನೋ‍ಡಬೇಕಾದರೆ ಎರಡು ಪಾಸ್‌ವರ್ಡ್ ಬೇಕು, ಒಂದು ನನ್ನದು, ಒಂದು ಸಹೋದ್ಯೋಗಿಯದು. ಒಕ್ಕೂಟದ ಸಭೆಯಲ್ಲಿ ಅಧ್ಯಕ್ಷೆ ಈ ನಿಯಮವನ್ನು ಓದಿ ಹೇಳಿ, ಯಾರಿಗಾದರೂ ಬೇಡವಾ ಎಂದು ಕೇಳಿದರಂತೆ. ಯಾರೂ ಕೈ ಎತ್ತಲಿಲ್ಲವಂತೆ.

ಹೊಸ ವ್ಯವಸ್ಥೆ ಬಂದ ಮೇಲೆ ಹಳೆಯ ಖಾತೆಯಿಂದ ಇನ್ನೂ ಕೆಲವು ದಿನ ಸಾಲುಗಳು ಬಿದ್ದವು. ಆಮೇಲೆ ಕಡಿಮೆಯಾದವು. ಕಡಿಮೆಯಾದದ್ದು ಸಮಾಧಾನಕ್ಕೋ ಭಯಕ್ಕೋ ಕಾರಣ ಎಂದು ತೀರ್ಮಾನಿಸಲು ನನಗೆ ಆಗಲಿಲ್ಲ. ನೋಡುವುದನ್ನು ಬಿಟ್ಟವನು ಹುಡುಕುವುದನ್ನು ಬಿಟ್ಟಿರಬೇಕೆಂದಿಲ್ಲ.

ಮಳೆ ಹಿಡಿದ ಮೇಲೆ ಒಂದು ದಿನ ಸಂಯೋಜಕಿ ಫೋನ್ ಮಾಡಿದಳು. ಅವಸರದ ಸ್ವರ.

"ಸರ್, ಅವಳು ಕಡಬದ ಗುಂಪಿನಲ್ಲಿ ಇಲ್ಲ. ಚಿಕ್ಕಮ್ಮನನ್ನು ಕೇಳಿದ್ರೆ ಒಳ್ಳೇದಿದ್ದಾಳೆ ಅಂತ ಮಾತ್ರ ಹೇಳ್ತಾರೆ, ಬೇರೆ ಬಾಯಿ ಬಿಡುದಿಲ್ಲ. ಯಾವ ಗುಂಪಿಗೆ ಹೋದ್ಲು ಅಂತ ಸ್ವಲ್ಪ ನೋಡಿ ಹೇಳಿ. ಮನಸ್ಸು ತಡೀತಾ ಇಲ್ಲ."

ಆಕೆಯ ಹೊಸ ಖಾತೆಯ ಸಂಖ್ಯೆ ನನಗೆ ಬಾಯಿಪಾಠ. ಮುಖ ನೋಡಿಲ್ಲ, ಸ್ವರ ಕೇಳಿಲ್ಲ, ಆ ಸಂಖ್ಯೆಯಷ್ಟೇ ನನಗೆ ಗೊತ್ತಿರುವ ಆಕೆ. ನಿರ್ವಾಹಕನ ಖಾತೆಯಿಂದ ಕೇಳಿದೆ. ಸರ್ವರ್ ಕೂಡಲೆ ಉತ್ತರ ಕೊಟ್ಟಿತು, ನಾನೂರ ನಾಲ್ಕು. ಎದುರಿಗೆ ಸಹೋದ್ಯೋಗಿ ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಅವಳ ಪಾಸ್‌ವರ್ಡ್ ಕೇಳಿದರೆ ಇಬ್ಬರೂ ಸೇರಿ ಬುಡಕ್ಕೆ ಇಳಿದು ನೋಡಬಹುದಿತ್ತು. ನಾನು ಕೇಳಲಿಲ್ಲ. ಅವಳೂ ಕೊಡುತ್ತೇನೆ ಎನ್ನಲಿಲ್ಲ.

"ಕಾಣುದಿಲ್ಲ," ಎಂದೆ ಫೋನಿನಲ್ಲಿ.

"ನಿಮಗೂ?"

"ನನಗೂ."

"ಹಾಗಾದ್ರೆ ಆಯ್ತು ಸರ್, ಅವನಿಗೂ ಕಾಣುದಿಲ್ಲ," ಎಂದು ಸಂಯೋಜಕಿ ಫೋನ್ ಇಟ್ಟಳು.